ಕೆಲಗೇರಿ ಇಳಕಲಿನಲ್ಲಿ ಎಂಜಿನ್ ಸಪ್ಪಳ

ಪರಮೇಶ ಹದಿನೇಳನೇ ಸಲ ಸಮುದ್ರಕ್ಕೆ ಬಿದ್ದಾಗ ನನಗೆ ನಗು ತಡೆಯಲಾಗಲಿಲ್ಲ.

“ನಗ್ರಿ ಮೇಡಂ, ನಗ್ರಿ. ಮುಳಗಾಕತ್ತಾಂವ ನಾನಲ್ಲೇನ್ರಿ?” ಎಂದ.

ಅದು ಎರಡು ಸಾವಿರದ ಮೂರು. ಧಾರವಾಡದ ಕಂಪ್ಯೂಟರ್ ಕ್ಲಾಸೊಂದರಲ್ಲಿ ನಾನು ಶಾಂಭವಿ ಮೇಡಂ. ಸತ್ತೂರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಪರಮೇಶ ಡ್ಯೂಟಿ ಮುಗಿಸಿ ಕಲಿಯಲು ಬರುತ್ತಿದ್ದ. ಪಾಠದ ನಂತರ ಅರ್ಧ ಗಂಟೆ ಆಟ: ಯುದ್ಧನೌಕೆಯ ಮೇಲಿಂದ ವಿಮಾನ ಹಾರಿಸಿ, ಮತ್ತೆ ಅದರ ಮೇಲೇ ಇಳಿಸಬೇಕು. ಹಾರುವುದು ಸುಲಭ, ಹಡಗೇ ಎಸೆದು ಕಳಿಸುತ್ತದೆ. ಇಳಿಯುವಾಗ ಮಾತ್ರ ಡೆಕ್ಕಿಗೆ ಅಡ್ಡ ಕಟ್ಟಿದ ತಂತಿಗೆ ವಿಮಾನದ ಬಾಲದ ಕೊಕ್ಕೆ ಸಿಗಬೇಕು. ಸಿಗದಿದ್ದರೆ ಮುಂದೆ ಬರೀ ನೀರು.

“ಚಕ್ರ ತಾಗಿದ ಕೂಡ್ಲೇ ಎಂಜಿನ್ ಯಾಕ ಬಂದ್ ಮಾಡ್ತೀರಿ?”

“ರೂಢಿ ಆಗೇತ್ರಿ. ಕೆಲಗೇರಿ ಇಳಕಲದಾಗ ದಿನಾ ಗಾಡಿ ಬಂದ್ ಮಾಡೇ ಬಿಡ್ತೇನಿ. ಪೆಟ್ರೋಲ್ ಉಳೀತೇತಿ, ಸಪ್ಪಳಾನೂ ಇರೂದಿಲ್ಲ.”

“ಸತ್ತೂರ ಆ ಕಡೆ, ಕೆಲಗೇರಿ ಈ ಕಡೆ. ದಿನಾ ಅಲ್ಲೇನು ಕೆಲಸ?”

ಅವನ ಕಿವಿ ಕೆಂಪಾಯಿತು. ಆ ಇಳಿಜಾರಿನ ಬುಡದಲ್ಲೇ ನಮ್ಮ ಮನೆ. ನನಗೆ ಅರ್ಥವಾಯಿತು, ಆದರೆ ಅರ್ಥವಾಗದವಳಂತೆ ಪಾಠ ಮುಂದುವರಿಸಿದೆ.

“ಹಡಗಿನ ಮ್ಯಾಲೆ ಉಲ್ಟಾ. ತಾಗಿದ ಕೂಡ್ಲೇ ಪೂರಾ ರೇಸ್ ಕೊಡಬೇಕು. ಕೊಕ್ಕಿ ಸಿಕ್ರ ತಂತಿ ಹಿಡಕೋತೇತಿ. ಸಿಗಲಿಲ್ಲಂದ್ರ ಹಾರಿ, ಒಂದು ಸುತ್ತು ಹೊಡದು ಮತ್ತ ಬರಬಹುದು. ಬಂದ್ ಮಾಡಿದ್ರ ಮುಳಗೂದ.”

ಅವನು ತಲೆಯಾಡಿಸಿದ. ಆದರೆ ಅವನ ನೋಟ ಹಡಗಿನ ಮೇಲಿರಲಿಲ್ಲ. ಮಾನಿಟರಿನ ಗಾಜಿನಲ್ಲಿ, ಹಿಂದೆ ನಿಂತ ನನ್ನ ಮುಖ ಕಾಣುತ್ತಿತ್ತು.

“ಹಡಗು ಕೆಳಗ ಐತ್ರಿ,” ಎಂದೆ.

“ಗೊತ್ತೈತ್ರಿ,” ಎಂದವನು ಹದಿನೆಂಟನೇ ಸಲವೂ ಮುಳುಗಿದ.

ಶನಿವಾರ ಅವನ ಕೊನೆಯ ಕ್ಲಾಸು. ನಾನೇ ಬೇಕಂತಲೇ ಹೇಳಿದೆ: “ನಾಳೆ ಹನ್ನೊಂದಕ್ಕ ಗದಗದವರು ನನ್ನ ನೋಡಾಕ ಬರ್ತಾರ.”

ಅವನ ಕೈ ಕೀಬೋರ್ಡಿನ ಮೇಲೇ ನಿಂತಿತು. “ಮೇಡಂ, ನಾನು…” ಎಂದ. ಆಮೇಲೆ ಪರದೆಯತ್ತ ತಿರುಗಿ, “ಛಲೋ ಆತ್ರಿ,” ಎಂದುಬಿಟ್ಟ.

ಮೈಯೆಲ್ಲ ಉರಿದುಹೋಯಿತು. “ಮತ್ತ ಬಂದ್ ಮಾಡಿದ್ರಿ ನೋಡ್ರಿ!” ಎಂದವಳೇ ಬ್ಯಾಗು ಎತ್ತಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವನನ್ನು ಬೈದೆ, ಮನೆಗೆ ಬಂದು ಅತ್ತೆ.

ಭಾನುವಾರ ಒಂಬತ್ತು ಗಂಟೆ. ಇಳಕಲಿನ ಮೇಲಿಂದ ಎಂ-80 ಗಾಡಿಯೊಂದು ಕಿವುಡಾಗುವಂತೆ ಗುಡುಗುತ್ತ ಬಂತು. ಉಟ್ಟ ಹೊಸ ಸೀರೆಯಲ್ಲೇ ಬಾಗಿಲಿಗೆ ಓಡಿದೆ. ಪರಮೇಶ! ಹಿಂದೆ ಅವನ ತಾಯಿ, ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಮಗನ ಹೆಗಲು. ಗಾಡಿ ಗೇಟಿನ ಮುಂದೆ ನಿಂತಿತು, ಎಂಜಿನ್ ನಿಲ್ಲಲಿಲ್ಲ.

“ಯಾರವಾ ಅದು?” ಕಟ್ಟೆಯ ಮೇಲಿದ್ದ ಅಪ್ಪ ಎದ್ದುನಿಂತರು.

“ಶಾಂಭವಿ!” ಮೊದಲ ಸಲ ಹೆಸರು ಹಿಡಿದು, ಆ ಸಪ್ಪಳದ ಮೇಲೆ ಕೂಗಿದ. “ನೀವಂದ್ರ ನನಗ ಜೀವ! ಒಲ್ಲೆ ಅಂದ್ರ ಒಂದು ಸುತ್ತು ಹೊಡದು ಮತ್ತ ಬರ್ತೇನಿ. ನೀವು ಹೇಳೂತನಕ ಬಂದ್ ಮಾಡಂಗಿಲ್ಲ!”

“ಲಗೂ ಹೇಳವಾ ತಂಗಿ,” ಎಂದರು ಅವನ ತಾಯಿ, “ಪೆಟ್ರೋಲ್ ಸುಡಾಕತ್ತೇತಿ.”

ಓಣಿಯ ಕಿಟಕಿಗಳೆಲ್ಲ ತೆರೆದಿದ್ದವು. ಅಪ್ಪ ನನ್ನ ಮುಖವನ್ನೇ ನೋಡಿದರು.

“ನಿನಗ ಒಪ್ಪಿಗಿ ಐತೇನು?”

ಹೂಂ ಎಂದೆ. ನಾಚಿಕೆಗಿಂತ ಖುಷಿ ಹೆಚ್ಚಿತ್ತು.

“ಹಂಗಾರ ಗದಗಕ್ಕ ಫೋನ್ ಹಚ್ತೇನಿ. ಅವರನ್ನ ಒಳಗ ಕರಿ,” ಎಂದು ಅಪ್ಪ ಒಳಗೆ ಹೋದರು.

ಗೇಟು ತೆಗೆದೆ. ಪರಮೇಶನ ಕೈ ಇನ್ನೂ ರೇಸ್ ಹಿಡಿದೇ ಇತ್ತು. ನಾನೇ ಕೈ ಚಾಚಿ ಎಂಜಿನ್ ಬಂದ್ ಮಾಡಿದೆ.

“ಇಳೀರಿ,” ಎಂದೆ. “ಕೊಕ್ಕಿ ಸಿಕ್ಕೇತಿ.”