ಖಾಲಿ ಮರಳದ ಪಾತ್ರೆ

ಶನಿವಾರ ಸಂಜೆ ನಾಲ್ಕು ಗಂಟೆಗೆ ಹಾಲಿಸ್ ಟಿಂಬರ್ಲೇಕ್, ವರ್ಡೀಯ ಗಾಜಿನ ಪಾತ್ರೆಯನ್ನು ಹಿಂತಿರುಗಿಸಲು ಅವಳ ಮನೆಗೆ ಬಂದ. ಪಾತ್ರೆ ತುಂಬಿತ್ತು.

ಪೀಚ್ ಸುಗ್ಗಿಯ ಆರಂಭದಲ್ಲಿ ಅವನ ತಾಯಿ ತೀರಿಕೊಂಡಾಗ, ವರ್ಡೀ ಅದರಲ್ಲಿ ಪೀಚ್ ಕಾಬ್ಲರ್ ಎಂಬ ಹಣ್ಣು-ಹಿಟ್ಟಿನ ಸಿಹಿ ಬೇಯಿಸಿ ಕೊಟ್ಟು ಬಂದಿದ್ದಳು. ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಅವಳ ಹೆಸರಿತ್ತು. ಅಮೆರಿಕದ ಜಾರ್ಜಿಯಾದ ಆ ಸೀಮೆಯಲ್ಲಿ ಸಾವಿನ ಮನೆಗೆ ಹೋದ ಪಾತ್ರೆ ಖಾಲಿ ಮರಳುವುದಿಲ್ಲ. ಹತ್ತು ಹದಿನೈದು ದಿನಗಳಲ್ಲಿ ಏನನ್ನಾದರೂ ತುಂಬಿಕೊಂಡು ಬರುತ್ತದೆ. ಇದು ಸುಗ್ಗಿ ಮುಗಿಯುತ್ತ ಬಂದರೂ ಬಂದಿರಲಿಲ್ಲ. ವರ್ಡೀ ಕೇಳಲಿಲ್ಲ. ಕೇಳಿದರೆ ಪಾತ್ರೆ ಬರುತ್ತಿತ್ತು, ಅವನು ತಾನಾಗಿ ಬಂದಾನೆಂಬ ಅವಳ ಆಸೆ ಮುಗಿಯುತ್ತಿತ್ತು.

ಬೆಳಿಗ್ಗೆಯಷ್ಟೇ ಪಕ್ಕದ ಮನೆಯ ಮಿಸ್ ಓಜೆಲ್ಲಾ ಬೇಲಿಯಾಚೆಯಿಂದ ಸುದ್ದಿ ಒಗೆದಿದ್ದಳು. ಚರ್ಚಿನಲ್ಲಿ ಹಾಡುವ ಕ್ಲಾಡೆಟ್‌ಳ ಕಾರು ಹಾಲಿಸ್‌ನ ಅಂಗಳದಲ್ಲಿ ನಿಂತಿದೆಯಂತೆ. ಅಡುಗೆಮನೆಯಿಂದ ಬೆಣ್ಣೆಯ ಘಮ ಬೀದಿಗೆಲ್ಲ ಬರುತ್ತಿದೆಯಂತೆ. ಅವನು ಮೆಕ್ಯಾನಿಕ್ ಅಲ್ಲವೇ ಎಂದು ವರ್ಡೀ ಹೇಳಿ ನೋಡಿದ್ದಳು.

"ಆ ಕಾರು ಕೆಡೋದೇ ಅವನ ಮನೆ ಮುಂದೆ ನಿಲ್ಲೋಕೆ ಕಣೇ," ಎಂದಿದ್ದಳು ಮುದುಕಿ.

ಈಗ ವರ್ಡೀ ಬಟ್ಟೆ ಸರಿಸಿ ನೋಡಿದಳು. ಕಾಬ್ಲರ್. ಯಾರು ಮಾಡಿದ್ದೆಂದು ಕೇಳಿದಳು.

"ತಿಂದು ಹೇಳು," ಎಂದ ಹಾಲಿಸ್. ಅವನ ಕೈಯಲ್ಲಿ ಟೋಪಿ ಸುತ್ತುತ್ತಲೇ ಇತ್ತು.

ಅವಳು ಚಮಚ ಇಳಿಸಿದಳು. ಮೇಲೆ ಗರಿಗರಿ ಕವಚವಿರಲಿಲ್ಲ. ಹಿಟ್ಟು, ಬೆಣ್ಣೆ, ಹಣ್ಣು ಎಲ್ಲ ಒಂದೇ ಮುದ್ದೆಯಾಗಿತ್ತು. ಅವಳು ತುಟಿ ಕಚ್ಚಿ ನಗು ತಡೆದಳು.

"ನೀನು ಕರಗಿದ ಬೆಣ್ಣೆ ಮೇಲೆ ಹಿಟ್ಟು ಹೊಯ್ದೆ, ಅದರ ಮೇಲೆ ಹಣ್ಣು ಹಾಕ್ದೆ. ಆಮೇಲೆ ಕಲಕಿದೆ, ಅಲ್ವಾ?"

"ಕಲಕದೆ ಹೇಗೆ ಬೆರೆಯುತ್ತೆ?"

ಬೆರೆಯಬಾರದು. ಹಿಟ್ಟು ತಾನಾಗಿ ಹಣ್ಣಿನ ನಡುವಿಂದ ಉಬ್ಬಿ ಮೇಲೆ ಬರಬೇಕು. ಅಜ್ಜಿಯ ಮಗ್ಗುಲಲ್ಲಿ ನಿಂತು ಕಲಿತ ಆ ಊರಿನ ಯಾವ ಹೆಣ್ಣೂ ಅದನ್ನು ಕಲಕುವುದಿಲ್ಲ. ಕ್ಲಾಡೆಟ್ ಅಂತೂ ಇಲ್ಲ. ಬೆಳಿಗ್ಗೆಯಿಂದ ವರ್ಡೀಯ ಎದೆಯಲ್ಲಿ ಕೂತಿದ್ದ ಕಲ್ಲು ಸರಿಯಿತು.

"ಕ್ಲಾಡೆಟ್ ನೋಡಿದ್ರೆ ಕೈ ಮೇಲೆ ಹೊಡೀತಿದ್ಲು."

"ಅವಳ್ಯಾಕೆ ನೋಡ್ತಾಳೆ? ಬ್ರೇಕ್ ಸರಿ ಮಾಡಿಸ್ಕೊಂಡು ಹೋದ್ಲು." ಅವನು ಕಣ್ಣು ತಗ್ಗಿಸಿದ. "ಇದೇ ಚೆನ್ನಾಗಿ ಬಂದಿದ್ದು. ಮೊದಲಿನವನ್ನ ನಾಯಿನೂ ಮೂಸಲಿಲ್ಲ."

ಇಷ್ಟು ಕಾಲ ಪಾತ್ರೆಯನ್ನು ಏಕೆ ಇಟ್ಟುಕೊಂಡೆ ಎಂದು ಅವಳು ಮೆಲ್ಲಗೆ ಕೇಳಿದಳು.

"ಕೊಟ್ಟುಬಿಟ್ರೆ ಈ ಬಾಗಿಲು ತಟ್ಟೋಕೆ ನನಗೆ ಬೇರೆ ನೆಪ ಎಲ್ಲಿದೆ, ವರ್ಡೀ?"

ವರ್ಡೀ ಬುಟ್ಟಿಯಲ್ಲಿ ಉಳಿದಿದ್ದ ಪೀಚ್‌ಗಳನ್ನೂ ಒಂದು ಚಾಕುವನ್ನೂ ಅವನತ್ತ ತಳ್ಳಿ, ಪಕ್ಕದ ಕುರ್ಚಿ ಎಳೆದಳು.

"ಕೂತ್ಕೊಂಡು ಸಿಪ್ಪೆ ತೆಗಿ. ಚಮಚ ಮಾತ್ರ ನನ್ನ ಕೈಲೇ ಇರುತ್ತೆ."

ಅಂದಿನ ಎರಡನೆಯ ಕಾಬ್ಲರ್ ಚೆನ್ನಾಗಿ ಉಬ್ಬಿತು. ಮರುವರ್ಷದ ಸುಗ್ಗಿಯ ವೇಳೆಗೆ ಪಾತ್ರೆಯ ತಳದ ಪಟ್ಟಿಯಲ್ಲಿ ಇಬ್ಬರ ಹೆಸರೂ ಇದ್ದವು.