ವಕೀಲೆಯ ಮೊದಲ ಪೋಸ್ಟ್

"ಮೇಡಂ, ಆ ಪೋಸ್ಟ್ ತೆಗೀರಿ. ಈಗಲೇ!"

ಅತ್ತಿಗುಪ್ಪೆ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ರಮ್ಯಶ್ರೀ ಬೆಚ್ಚಿ ತಿರುಗಿದಳು. ಕೆಂಗೇರಿ ಕಡೆಯಿಂದ ಬಂದ ರೈಲಿನಿಂದ ಇಳಿದವನು ನೇರ ಅವಳೆದುರಿಗೇ ಬಂದಿದ್ದ. ಕೈಯಲ್ಲಿ ಕಪ್ಪು ಕೋಟು, ಹಣೆ ತುಂಬ ಬೆವರು.

ಗಿರಿರಾಜ್! ಜೀವನಾಂಶದ ಕೇಸಿನಲ್ಲಿ ಗಂಡನ ಪರ ವಾದಿಸಿದ್ದ ವಕೀಲ. ಹೆಂಡತಿಯ ಪರ ನಿಂತು ಕಳೆದ ವಾರ ಗೆದ್ದವಳು ಇವಳು. ತಾನೊಬ್ಬಳೇ ನಡೆಸಿ ಗೆದ್ದ ಮೊದಲ ಕೇಸು.

"ಯಾಕ್ ತೆಗೀಬೇಕು? ಸೋತಿದ್ದಕ್ಕೆ ಹೊಟ್ಟೆ ಉರೀನಾ?"

"ಅಯ್ಯೋ, ಅದಲ್ಲ… ಒಂದ್ಸಲ ನೀವೇ ಓದಿ ನೋಡಿ."

"ನಿಮ್ಮ ಸಲಹೆ ಬೇಡ ಸಾರ್!"

ಬಾಗಿಲು ಮುಚ್ಚುವಷ್ಟರಲ್ಲಿ ರೈಲು ಹತ್ತಿಬಿಟ್ಟಳು. ಅವನು ಪ್ಲಾಟ್‌ಫಾರ್ಮಿನಲ್ಲೇ ಉಳಿದ.

ಆದರೆ ನಿಜ ಹೇಳಬೇಕೆಂದರೆ, ಆ ಪೋಸ್ಟನ್ನು ಅವಳು ಓದಿಯೇ ಇರಲಿಲ್ಲ!

ಹಿಂದಿನ ಸಂಜೆ ಚಂದ್ರಾ ಲೇಔಟ್‌ನ ಮನೆಯಲ್ಲಿ ಚಿಕ್ಕಮ್ಮನ ಮಗಳು ಚೇತನಾ ಫೋನು ಕಿತ್ತುಕೊಂಡಿದ್ದಳು. ಮದುಮಗಳ ಮೇಕಪ್ ಮಾಡುವ ಅವಳ ಪೇಜಿಗೆ ಸಾವಿರಾರು ಜನ. "ಈಗೆಲ್ಲ ಆನ್‌ಲೈನಲ್ಲಿ ಕಾಣಿಸ್ಕೊಂಡ್ರೇನೇ ಜನ ಬರೋದು ಅಕ್ಕ. ನಿನ್ ಪೇಜ್ ನಾನ್ ಶುರು ಮಾಡ್ತೀನಿ, ನೀನು ಫೈಲ್ ಓದ್ಕೋ!"

ರಮ್ಯಶ್ರೀ ಈಗ ಫೋನು ತೆರೆದಳು. ಅವಳ ಫೋಟೋ. ಅದರ ಸುತ್ತ ಮಲ್ಲಿಗೆ ದಂಡೆಯ ಅಂಚು. ಕೆಳಗೆ ಮಿನುಗುವ ಅಕ್ಷರಗಳು.

'ಗೆಲುವು ಖಚಿತ! ಮೊದಲ ಭೇಟಿ ಉಚಿತ! ಕೂಡಲೇ ಕರೆ ಮಾಡಿ!'

ಅಯ್ಯೋ ದೇವರೇ… ಮೇಕಪ್ ಜಾಹೀರಾತಿನಲ್ಲಿ ಹೆಸರು ಮಾತ್ರ ಬದಲಾಯಿಸಿದ್ದಾಳೆ! ವಕೀಲರು ಕೇಸಿಗಾಗಿ ಜಾಹೀರಾತು ಕೊಡುವಂತಿಲ್ಲ. ದೂರು ಹೋದರೆ ವಕೀಲಿಕೆಯ ಸನದಿಗೇ ಕುತ್ತು!

ತಕ್ಷಣ ಅಳಿಸಿದಳು. ಅಷ್ಟರಲ್ಲಿ ವಕೀಲರ ವಾಟ್ಸಾಪ್ ಗ್ರೂಪಿನಲ್ಲಿ ಅದರ ಸ್ಕ್ರೀನ್‌ಶಾಟ್ ಬಂದಿತ್ತು. 'ಇದು ವಕೀಲಿಕೆಯಾ? ಬಾರ್ ಕೌನ್ಸಿಲ್‌ಗೆ ದೂರು ಕೊಡ್ತೀನಿ.' ಹಾಕಿದವರು ಹಿರಿಯ ವಕೀಲ ಭರಮಪ್ಪ.

ಭರಮಪ್ಪ… ಗಿರಿರಾಜನ ಸೀನಿಯರ್!

ಹಾಗಾದರೆ ತೋರಿಸಿದ್ದು ಅವನೇ! ಮುಂದಿನದನ್ನು ನೋಡುವ ಧೈರ್ಯವಿಲ್ಲದೆ ಗ್ರೂಪಿನಿಂದಲೇ ಹೊರಬಂದಳು.

ಮಧ್ಯಾಹ್ನ ಕೋರ್ಟಿನ ಕ್ಯಾಂಟೀನಿನಲ್ಲಿ ಅವನು ಸಿಕ್ಕ.

"ಸೀನಿಯರ್‌ಗೆ ತೋರಿಸಿ ಸಮಾಧಾನ ಆಯ್ತಾ? ಹಗಲು ಟೈಪಿಂಗ್ ಮಾಡಿ, ಸಂಜೆ ಕಾಲೇಜಲ್ಲಿ ಡಿಗ್ರಿ ಮಾಡಿ, ಆಮೇಲೆ ಲಾ ಓದಿ ತಗೊಂಡ ಸನದು ಸಾರ್ ಅದು!"

ಗಿರಿರಾಜ್ ಅವಳ ಕೈಯತ್ತ ನೋಡಿದ.

"ಊಟ ಮಾಡಿದ್ರಾ?"

ಅಷ್ಟೇ! ಉರಿಯುವ ಕಣ್ಣುಗಳಿಂದ ಅವನನ್ನು ನೋಡಿ ಹೊರಟುಬಿಟ್ಟಳು.

ಸಂಜೆ ವಿಜಯನಗರದ ಆಫೀಸಿನಲ್ಲಿ ಅವಳ ಸೀನಿಯರ್ ಕೃಷ್ಣಯ್ಯ ತಮ್ಮ ಫೋನನ್ನು ಅವಳ ಕಡೆ ತಳ್ಳಿದರು. "ಏನಮ್ಮಾ, ಅರ್ಧಕ್ಕೇ ಓಡಿಹೋಗಿದ್ದೀಯ. ಮಿಕ್ಕಿದ್ದು ಓದು."

ಭರಮಪ್ಪನವರ ಮಾತಿನ ಕೆಳಗೆ, ಇನ್ನೂರು ವಕೀಲರ ಎದುರು, ಗಿರಿರಾಜ್ ಬರೆದಿದ್ದ.

'ಸಾರ್, ಪೋಸ್ಟ್ ತಪ್ಪು. ಆದರೆ ಎಂಟು ತಿಂಗಳು ಅವರ ಎದುರು ನಿಂತು ನೋಡಿದ್ದೇನೆ. ತಮ್ಮ ಕಕ್ಷಿದಾರರಿಗೆ ಒಂದೇ ಒಂದು ಸುಳ್ಳು ಭರವಸೆ ಕೊಟ್ಟವರಲ್ಲ. ಪೋಸ್ಟ್ ತೆಗೆದಿದ್ದಾರೆ. ದಯವಿಟ್ಟು ದೂರು ಬೇಡ.'

"ಭರಮಪ್ಪ ದೂರು ಕೈಬಿಟ್ಟ. ಆದ್ರೆ ಎಲ್ಲರೆದುರು ಹೇಳಿದ್ದಕ್ಕೆ ಆ ಹುಡುಗನಿಗೆ ಆಫೀಸಲ್ಲಿ ಚೆನ್ನಾಗಿ ಮಂಗಳಾರತಿ ಆಗಿದೆ."

"ಮತ್ತೆ… ಭರಮಪ್ಪನವರಿಗೆ ತೋರಿಸಿದ್ದು?"

"ನಿನ್ನ ತಂಗಿ ಸಿಕ್ಕಸಿಕ್ಕ ವಕೀಲರನ್ನೆಲ್ಲ ಟ್ಯಾಗ್ ಮಾಡಿದ್ದಾಳಲ್ಲಮ್ಮ, ನನ್ನನ್ನೂ ಸೇರಿಸಿ!"

ರಮ್ಯಶ್ರೀಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಬೈದದ್ದು ಯಾರನ್ನು… ಕಾಪಾಡಿದ್ದು ಯಾರು!

ಮರುದಿನ ಬೆಳಿಗ್ಗೆ ಅದೇ ಪ್ಲಾಟ್‌ಫಾರ್ಮ್. ಮೂರು ರೈಲು ಹೋದವು, ಅವಳು ಹತ್ತಲಿಲ್ಲ. ನಾಲ್ಕನೆಯದರಲ್ಲಿ ಅವನು ಕಂಡ. ಅವಳನ್ನು ನೋಡಿದವನೇ ಇಳಿದ.

"ಕ್ಷಮಿಸಿ…" ಕಣ್ಣು ತುಂಬಿತ್ತು. "ನಿನ್ನೆ ಕ್ಯಾಂಟೀನಲ್ಲಿ ಯಾಕೆ ಏನೂ ಹೇಳ್ಲಿಲ್ಲ?"

"ಕೈ ನಡುಗ್ತಿತ್ತು ನಿಮಗೆ. ತಿಂಡಿ ತಿಂದಿಲ್ಲ ಅಂತ ಗೊತ್ತಾಯ್ತು. ವಾದ ಆಮೇಲೆ ಮಾಡೋಣ ಅನ್ಕೊಂಡೆ."

ಅಳುವಿನ ನಡುವೆಯೇ ನಗು ಬಂತು. "ನಾನು ಇಲ್ಲಿ ಹತ್ತೋದು ನಿಮಗೆ ಹೇಗೆ ಗೊತ್ತು?"

ಗಿರಿರಾಜ್ ತಲೆ ತಗ್ಗಿಸಿದ. "ಎಂಟು ತಿಂಗಳಿಂದ ರೈಲಿಂದ ನೋಡ್ತಿದ್ದೀನಿ. ಕೇಸ್ ನಡೀತಿತ್ತಲ್ಲ… ಎದುರು ಪಾರ್ಟಿ ವಕೀಲರ ಹತ್ರ ಏನಂತ ಮಾತಾಡ್ಲಿ?"

"ಈಗ ಕೇಸ್ ಮುಗೀತು," ಎಂದಳು ಮೆಲ್ಲಗೆ.

"ಹೂಂ… ಮುಗೀತು."

ಅವಳು ಫೋನು ಚಾಚಿದಳು. ಹೊಸ ಪೋಸ್ಟ್, ಇನ್ನೂ ಹಾಕಿರಲಿಲ್ಲ. ಜೀವನಾಂಶ ಕೇಳುವ ಹೆಣ್ಣುಮಕ್ಕಳು ಯಾವ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂದು ಸರಳವಾಗಿ ಬರೆದಿದ್ದಳು. ಫೋನ್ ನಂಬರ್ ಇಲ್ಲ, ಮಲ್ಲಿಗೆ ದಂಡೆ ಇಲ್ಲ.

ಅವನು ಎರಡು ಸಲ ಓದಿದ. "ಚೆನ್ನಾಗಿದೆ. ಹಾಕಿ."

"ಇನ್ನೂ ಭಯ ಆಗುತ್ತೆ. ಹಾಕೋಕ್ ಮುಂಚೆ ಪ್ರತಿ ಸಲ ನೀವು ಓದ್ತೀರಾ?"

"ಪ್ರತಿ ಸಲಾನಾ?"

"ಹೂಂ. ಯೋಚನೆ ಮಾಡಿ ಹೇಳಿ… ನಾನು ಮುದುಕಿ ಆಗೋವರೆಗೂ ಬರೀತಿರ್ತೀನಿ."

ಗಿರಿರಾಜನ ಕಣ್ಣು ಅರಳಿತು.

"ನನಗೆ ಆಗ ಕನ್ನಡಕ ಬಂದಿರುತ್ತೆ," ಎಂದ. "ನೀವೇ ಹುಡುಕಿ ಕೊಡ್ಬೇಕು."