ಲಾರಿ ಕೆಮ್ಮು

2009ರ ಅಕ್ಟೋಬರ್ 19, ಸೋಮವಾರ, ಬೆಳಿಗ್ಗೆ 9.40. ಗೌಸಸಾಬ್ ಎಂಬಾತ ಕುರುಗೋಡು ಪೊಲೀಸ್ ಠಾಣೆಗೆ ಬಂದು ಒಂದು ಕಂಪ್ಯೂಟರಿನ ಮೇಲೆ ದೂರು ಕೊಟ್ಟ.

ಗೌಸಸಾಬನಿಗೆ ಅರವತ್ತು ವರ್ಷ. ಬಳ್ಳಾರಿ ರಸ್ತೆಯ ಅಂಚಿಗೇ ಮನೆ, ಮನೆಯ ಮುಂದೆ ಲಾರಿ ಸೀಟು ಹೊಲಿಯುವ ಅಂಗಡಿ. ಅದು ಅದಿರಿನ ಕಾಲ. ತೂಕ ಮೀರಿದ ಲಾರಿಗಳು ಹೆದ್ದಾರಿಯ ತೂಕದ ಕಾಟಾ ತಪ್ಪಿಸಿ ಕುರುಗೋಡಿನ ಮೇಲೆ ಹಾಯುತ್ತಿದ್ದವು. ಅದಿರಿನ ಧೂಳಿಗೆ ಊರಿಗೆ ಊರೇ ಕೆಂಪಾಗಿತ್ತು. ಠಾಣೆಯ ನಾಯಿ ಬಿಳಿ ನಾಯಿ ಎಂದು ಗೊತ್ತಾದದ್ದು ಅದು ಕಾಲುವೆಗೆ ಬಿದ್ದ ದಿನ. ಎದ್ದು ಬಂದದ್ದನ್ನು ಪರ ಊರಿನ ನಾಯಿ ಎಂದು ಠಾಣೆಯವರೇ ಕಲ್ಲು ಹೊಡೆದು ಓಡಿಸಿದ್ದರು.

ಕಾನ್‌ಸ್ಟೇಬಲ್ ಓಬಳೇಶ ಎಫ್‌ಐಆರ್ ಪುಸ್ತಕ ಬಿಚ್ಚಿ, ಒಂದು ಸಲ ಕೆಮ್ಮಿ, ಕೇಳಿದ.

“ಆರೋಪಿ ಹೆಸರು?”

“ಕಂಪ್ಯೂಟರ್.”

“ತಂದೆ ಹೆಸರು?”

ಗೌಸಸಾಬ್ ಪ್ರಾಮಾಣಿಕವಾಗಿ ಯೋಚಿಸಿದ. “ಅದು ನನಗ ಗೊತ್ತಿಲ್ರಿ.”

“ವಯಸ್ಸು?”

“ಲೇ ಓಬಳೇಶ, ಪೆನ್ನು ಇಡಲೇ,” ಎನ್ನುತ್ತ ಇನ್ಸ್‌ಪೆಕ್ಟರ್ ಚಿದಾನಂದಪ್ಪ ಒಳಗಿನಿಂದ ಬಂದ. “ಕುಂದರ್ರಿ ಗೌಸಸಾಬ್. ಮೊದ್ಲಿಂದ ಹೇಳ್ರಿ.”

ಆ ವರ್ಷ ಹೊಸ ಜ್ವರವೊಂದು ದೇಶ ಸುತ್ತುತ್ತಿತ್ತು. ಜನ ಹಂದಿಜ್ವರ ಅನ್ನುತ್ತಿದ್ದರು. ಅದನ್ನು ಮೊದಲೇ ಹಿಡಿಯಲಿಕ್ಕೆಂದು ಜೂನ್‌ನಲ್ಲಿ ಬಳ್ಳಾರಿಯಲ್ಲಿ ಜ್ವರ ಎಣಿಕೆ ಕೇಂದ್ರ ಎಂದು ಒಂದು ಶುರುವಾಗಿತ್ತು. ಊರೂರಿನ ನರ್ಸುಗಳು ದಿನಾ ಫೋನಿನಲ್ಲಿ ಮೆಸೇಜ್ ಕಳಿಸುತ್ತಿದ್ದರು: ರೋಗಿಯ ನಂಬರು, ವಯಸ್ಸು, ಕೆಮ್ಮು, ಜ್ವರ. ಹೆಸರು ಮಾತ್ರ ಇಲ್ಲ. ಕೇಂದ್ರದ ಕಂಪ್ಯೂಟರು ಎಲ್ಲವನ್ನೂ ಕೂಡಿಸಿ ನೋಡಿ, ಎಲ್ಲಾದರೂ ಎಂದಿನಂತಿಲ್ಲ ಅನ್ನಿಸಿದರೆ ಗಂಟೆ ಹೊಡೆಯುತ್ತಿತ್ತು. ಎರಡು ದಿನದೊಳಗೆ ಡಾಕ್ಟರು, ಮಾತ್ರೆ ಆ ಓಣಿಗೆ ಬರಬೇಕು. ಒಂದು ಮನೆಯ ಜ್ವರ ಹತ್ತು ಮನೆಗೆ ದಾಟಬಾರದು. ಲೆಕ್ಕ ಇಷ್ಟೆ.

“ನನ್ನ ಹೆಂಡ್ತಿ ಕುಲ್ಸುಂಬೀ ಹನ್ನೆರಡನೇ ತಾರೀಖು ಬಳ್ಳಾರಿ ದವಾಖಾನ್ಯಾಗ ತೀರಿಕೊಂಡ್ಲು,” ಎಂದ ಗೌಸಸಾಬ್. “ಅದೇ ಜ್ವರ ಅಂತ ಮೊನ್ನಿ ರಿಪೋರ್ಟ್ ಬಂತು. ನರ್ಸಮ್ಮ ಆರನೇ ತಾರೀಖೇ ಮೆಸೇಜ್ ಹಾಕ್ಯಾಳ. ಗಂಟಿ ಹೊಡೀಲಿಲ್ಲ. ಡಾಕ್ಟ್ರು ಬರಲಿಲ್ಲ. ಅದರ ಬಾಯಿ ಯಾರು ಮುಚ್ಚಿದ್ರು, ನನಗ ಅಷ್ಟ ಗೊತ್ತಾಗಬೇಕು.”

“ಈ ಗಂಟಿ ವಿಚಾರ ನಿಮಗ ಹೆಂಗ ಗೊತ್ತು?”

“ನನ್ನ ಮಗ ಮುಸ್ತಾಕ್ ಅಲ್ಲೇ ಟೈಪ್ ಮಾಡೋ ಕೆಲಸದಾಗ ಅದಾನ್ರಿ. ಡಾಕ್ಟ್ರಿಗಿಂತ ಮೊದ್ಲು ಅದಕ್ಕ ತಿಳೀತೈತಿ ಅಂತ ಅವನೇ ಹೇಳಿದ್ದ.”

“ಹಂಗಾದ್ರ ಅವನ್ನೇ ಕೇಳಬೇಕಿಲ್ಲ?”

“ಮಣ್ಣು ಮಾಡಿ ಬಂದಾಗಿಂದ ಮಾತು ಬಿಟ್ಟಾನ. ಸಿರುಗುಪ್ಪಕ್ಕ ಅಕ್ಕನ ಮನಿಗೆ ಹೋಗ್ಯಾನ. ಅವ್ವ ಅಂದ್ರ ಜೀವ ಅವಗ.”

ಚಿದಾನಂದಪ್ಪ ಇಪ್ಪತ್ತಾರು ವರ್ಷ ಪೊಲೀಸು. ಎಫ್‌ಐಆರ್ ಪುಸ್ತಕ ತನ್ನ ಕಡೆ ಎಳೆದುಕೊಂಡ. “ಗೌಸಸಾಬ್, ಇನ್ನೊಂದು ಸಲ ವಿಚಾರ ಮಾಡ್ರಿ. ಒಮ್ಮಿ ಎಫ್‌ಐಆರ್ ಬರದ್ರ ಅಳಸಾಕ ನನ್ನ ಕೈಲೂ ಆಗಂಗಿಲ್ಲ.”

“ಬರೀರಿ.”

ಕಲಂ 304(ಎ), ನಿರ್ಲಕ್ಷ್ಯದಿಂದ ಸಾವು. ಆರೋಪಿ: ಅಪರಿಚಿತ. ತಂದೆಯ ಹೆಸರಿನ ಜಾಗದಲ್ಲಿ ಓಬಳೇಶ ಒಂದು ಗೆರೆ ಎಳೆದ.

ಅದೇ ದಿನ 11.30ಕ್ಕೆ ಗೌಸಸಾಬನನ್ನೂ ಕರೆದುಕೊಂಡು ನರ್ಸ್ ಉಚ್ಚೆಂಗೆಮ್ಮನ ಮನೆಗೆ ಹೋದರು. ಯಾವ ನಂಬರು ಯಾರದು ಎಂದು ಬರೆದ ಪುಸ್ತಕ ಊರಿಗೆಲ್ಲ ಒಂದೇ ಇತ್ತು, ಅದು ಆಕೆಯ ಟ್ರಂಕಿನಲ್ಲಿತ್ತು. ಟ್ರಂಕಿಗೆ ಎರಡು ಬೀಗ.

“ಬುಕ್ ತಗೀರಿ,” ಎಂದ ಚಿದಾನಂದಪ್ಪ.

“ತಗಿಯಂಗಿಲ್ರಿ.”

“ಪೊಲೀಸ್ ಅದೀನಮ್ಮ ನಾನು.”

“ಗೊತ್ತೈತ್ರಿ ಸಾಹೇಬ್ರ. ನೀವೂ ಆ ಬುಕ್ಕಿನಾಗ ಅದೀರಿ.”

ಚಿದಾನಂದಪ್ಪ ಓಬಳೇಶನ ಕಡೆ ನೋಡಿದ. ಓಬಳೇಶ ಜಂತಿ ಎಣಿಸುತ್ತಿದ್ದ.

“ಹಿಂದ ಕೆಮ್ಮಿನವರ ಹೆಸರು ಯಾರೋ ಗ್ವಾಡಿಗೆ ಹಚ್ಚಿದ್ರು,” ಎಂದಳು ಉಚ್ಚೆಂಗೆಮ್ಮ. “ಗಿಡ್ಡಮ್ಮನ ಮಗಳ ಲಗ್ನ ಮುರೀತು. ಆಮ್ಯಾಲ ಎರಡು ವರ್ಷ ಈ ಊರಾಗ ಒಬ್ಬರಿಗೂ ಜ್ವರ ಬರಲಿಲ್ರಿ. ಸತ್ತವರೂ ಆರಾಮಾಗೇ ಸತ್ರು. ಹೆಸರು ಹೊರಗ ಹೋಗಂಗಿಲ್ಲ ಅಂತ ನಾ ಆಣಿ ಮಾಡಿದ ಮ್ಯಾಲ ಬಾಯಿ ಬಿಟ್ಟಾರ. ಈಗ ಈ ಬುಕ್ ನಿಮ್ಮ ಕೈಗೆ ಕೊಟ್ರ ನಾಳಿಂದ ಮತ್ತ ಎಲ್ಲಾರೂ ಆರಾಮ.”

ಕಡೆಗೆ ಗೌಸಸಾಬ್ ತನ್ನ ಹೆಂಡತಿಯ ಸಾಲು ತೋರಿಸಬಹುದೆಂದು ಬರೆದುಕೊಟ್ಟ. ಆಕೆ ಹಾಳೆಯ ಮೇಲೂ ಕೆಳಗೂ ರಟ್ಟು ಇಟ್ಟು ಒಂದೇ ಒಂದು ಸಾಲು ಬಿಟ್ಟಳು. 212, ಕುಲ್ಸುಂಬೀ. ಫೋನಿನಲ್ಲಿ ಅಕ್ಟೋಬರ್ 6, ಸಂಜೆ 5.12ರ ಮೆಸೇಜೂ ಇತ್ತು: ‘ಕುರುಗೋಡು 212, ಹೆಂಗಸು, 55, ರಸ್ತೆ ಬದಿ, ಒಣ ಕೆಮ್ಮು, ಜ್ವರ.’ ಒಂಬತ್ತು ಇಂಚು ಉದ್ದದ ಒಂದು ಸಾಲಿಗೆ ಪಂಚನಾಮೆ ಆಯಿತು. ಅದರ ಆಚೆ ಈಚೆ ಏನನ್ನೂ ನೋಡಿಲ್ಲ ಎಂದು ಇಬ್ಬರು ಪಂಚರು ಸಹಿ ಹಾಕಿದರು.

“ಈಗ ಆ ರಸ್ತ್ಯಾಗ ಇನ್ನೂ ಆರು ಮನಿಯವರು ಜ್ವರ ಬಂದು ಮಲಗ್ಯಾರ,” ಎಂದು ಉಚ್ಚೆಂಗೆಮ್ಮ ಓಬಳೇಶನ ಕಡೆ ತಿರುಗಿದಳು. “ನಿಮಗ ಎಷ್ಟು ದಿನದಿಂದ ಐತ್ರಿ ಕೆಮ್ಮು?”

“ಕೆಮ್ಮಾ?” ಎಂದ ಓಬಳೇಶ, ಕೆಮ್ಮುತ್ತ. “ಯಾರಿಗೆ?”

ಅಕ್ಟೋಬರ್ 21, ಬೆಳಿಗ್ಗೆ 10.15, ಬಳ್ಳಾರಿ. ಜ್ವರ ಎಣಿಕೆ ಕೇಂದ್ರದ ಗೋಡೆಗೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಒಂದಿತ್ತು. ಸೆಪ್ಟೆಂಬರ್ ತಿಂಗಳಿಡೀ ಒಮ್ಮೆಯೂ ಗಂಟೆ ಹೊಡೆಯದ್ದಕ್ಕೆ ಕೊಟ್ಟದ್ದು. ಕೇಂದ್ರದ ಮುಖ್ಯಸ್ಥ ವಿರೂಪಾಕ್ಷಿ ಅದರ ಕೆಳಗೇ ಕೂತಿದ್ದ.

“ಜೂನ್‌ನಾಗ ದಿನಕ್ಕ ಹತ್ತೊಂಬತ್ತು ಸಲ ಹೊಡೀತಿತ್ರಿ,” ಎಂದ. “ಓಡಿ ಹೋಗಿ ನೋಡಿದ್ರ ಏನು? ಧೂಳಿನ ಕೆಮ್ಮು. ನಮ್ಮ ಜೀಪಿನ ಡ್ರೈವರ್ರೇ ಕೆಮ್ಮತಿದ್ದ. ತಪಾಸಣಿ ಅಂತ ಅರ್ಧ ದಿನ ಲಾರಿ ನಿಂತ್ವು. ಮ್ಯಾಲಿಂದ ಫೋನ್ ಬಂತು.”

“ಯಾರ ಫೋನು?”

“ಹೆಸರಿಲ್ರಿ. ನಂಬರಷ್ಟ ಬಂದಿತ್ತು.”

“ಏನಂದ್ರು?”

“ಲಾರಿ ಕೆಮ್ಮು ಬ್ಯಾರೆ, ಬ್ಯಾನಿ ಕೆಮ್ಮು ಬ್ಯಾರೆ ಮಾಡ್ರಿ ಅಂದ್ರು.”

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಸುಧಾರಾಣಿ. ಲೆಕ್ಕದಿಂದ ತೆಗೆದುಹಾಕಿದ ಕೆಮ್ಮುಗಳ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟಳು. ಜುಲೈ, ಆಗಸ್ಟ್ ಎರಡು ತಿಂಗಳಲ್ಲಿ 3,140 ಕೆಮ್ಮು. ಪ್ರತಿ ಸಾಲಿನ ಕೊನೆಗೆ ತೆಗೆದವರ ಹೆಸರು ಒಂದೇ: ಮುಸ್ತಾಕ್. ಸೆಪ್ಟೆಂಬರ್ 1ರಿಂದ ಆ ಜಾಗ ಖಾಲಿ. ಅಕ್ಟೋಬರ್ 7ರ ಬೆಳಿಗ್ಗೆ 212 ತೆಗೆದಿದ್ದರು. ಅಲ್ಲೂ ಹೆಸರು ಖಾಲಿ.

“ಇದನ್ನ ಯಾರು ತೆಗದ್ರು?”

“ಅದೇ ತಗೀತು ಸಾರ್.”

“ಯಾವುದು?”

ಸುಧಾರಾಣಿ ಕಂಪ್ಯೂಟರ್ ಕಡೆ ಕೈ ತೋರಿಸಿದಳು. “ಇದು ನೋಡಿ ಕಲೀತೈತಿ ಸಾರ್. ಎರಡು ತಿಂಗಳು ಮುಸ್ತಾಕ್ ಎಂಥಾ ಕೆಮ್ಮು ತಗದಾನ, ಎಂಥಾದ್ದು ಬಿಟ್ಟಾನ ಅಂತ ನೋಡಿಕೋಂತ ಕುಂತಿತ್ತು. ಆಮ್ಯಾಲ ತಾನೇ ತಗಿಯಾಕ ಹತ್ತಿತು. ಅವನಗಿಂತ ಛಲೋ ತಗೀತಿತ್ತು.”

“ಹಂಗಾದ್ರ ಆರೋಪಿ ಇದೇ ಆತಲ್ಲ,” ಎಂದ ಓಬಳೇಶ. ಗೌಸಸಾಬ್ ಹೇಳಿದ್ದೇ ಸರಿಯಾಯಿತೆಂದು ಅವನಿಗೆ ಖುಷಿ. ಕಂಪ್ಯೂಟರನ್ನು ಒಂದು ಸುತ್ತು ಹಾಕಿದ. “ಸಾರ್, ಬೇಡಿ ಎಲ್ಲಿಗೆ ಹಾಕಾಣು?”

ಚಿದಾನಂದಪ್ಪ ವಿರೂಪಾಕ್ಷಿಯನ್ನು ಕೇಳಿದ: “ತಗೀರಿ ಅಂತ ಆರ್ಡರ್ ಕೊಟ್ಟವರು ನೀವು?”

“ಬಾಯಿಲೆ ಹೇಳಿದ್ದೆ. ನೋಡಿ ತಗೀರಿ ಅಂದಿದ್ದೆ.”

“ಕಾಗದ?”

“ಕಾಗದ ಯಾಕ್ರಿ ಮತ್ತ?”

ವಿರೂಪಾಕ್ಷಿಯ ಮೇಲೆ ಕ್ರಮಕ್ಕೆ ಅನುಮತಿ ಬೇಕೆಂದು ಚಿದಾನಂದಪ್ಪ ಅಂದೇ ಮೇಲಕ್ಕೆ ಬರೆದ. ಎರಡೇ ದಿನದಲ್ಲಿ ಉತ್ತರ ಬಂತು. ಮೇಲಿನಿಂದ ಅಷ್ಟು ಬೇಗ ಉತ್ತರ ಬಂದದ್ದು ಅವನ ನೌಕರಿಯಲ್ಲಿ ಅದೇ ಮೊದಲು. ‘ಲಿಖಿತ ಆದೇಶ ಇಲ್ಲದ ಕಾರಣ ಪ್ರಶ್ನೆ ಉದ್ಭವಿಸುವುದಿಲ್ಲ. ಪಟ್ಟಿಯಲ್ಲಿ ಹೆಸರಿರುವ ವ್ಯಕ್ತಿಯನ್ನು ದಸ್ತಗಿರಿ ಮಾಡುವುದು.’

ಅಕ್ಟೋಬರ್ 24, ಮಧ್ಯಾಹ್ನ 4.10, ಸಿರುಗುಪ್ಪ. ನೆರೆ ಇಳಿದು ಮೂರು ವಾರವಾಗಿತ್ತು. ಅಕ್ಕ ಪರ್ವೀನಳ ಮನೆಯ ಮುಂದೆ ತೊಯ್ದ ಭತ್ತ ಹರವಿತ್ತು. ಅದನ್ನು ಕಾಲಿನಿಂದ ತಿರುವಿ ಹಾಕುತ್ತಿದ್ದ ಮುಸ್ತಾಕ್ ಜೀಪು ನೋಡಿ ನಿಂತ. ಇಪ್ಪತ್ತೇಳು ವರ್ಷ, ಸಣಕಲು ದೇಹ. ಓಡುವ ಯೋಚನೆ ಅವನಿಗೆ ಬಂದಂತೆ ಕಾಣಲಿಲ್ಲ.

“212 ಯಾರಂತ ಗೊತ್ತಿತ್ತೇನು?”

“ಇಲ್ರಿ. ಗೊತ್ತಾಗಬಾರದಂತನೇ ನಂಬರ್ ಇರೋದು.”

“ಯಾವಾಗ ಗೊತ್ತಾತು?”

“ಮಣ್ಣು ಮಾಡಿದ ಮರುದಿನ ಆಫೀಸಿಗೆ ಹೋಗಿ ನೋಡಿದೆ. ರಸ್ತಿ ಬದಿ, ಹೆಂಗಸು, ಐವತ್ತೈದು, ಒಣ ಕೆಮ್ಮು. ಹೆಸರು ಯಾಕ ಬೇಕ್ರಿ?”

“ಯಾವುದು ಲಾರಿ ಕೆಮ್ಮು, ಯಾವುದು ಬ್ಯಾನಿ ಕೆಮ್ಮು ಅಂತ ನಿನಗ ಯಾರು ಹೇಳಿಕೊಟ್ರು?”

“ಯಾರೂ ಇಲ್ಲ. ಸೋಮವಾರದೊಳಗ ಆಗಬೇಕು ಅಂದ್ರು. ಡಾಕ್ಟ್ರನ್ನ ಕೇಳಿದ್ರ ನೀನೇ ನೋಡಪ ಅಂದ್ರು. ಮನಿಗೆ ಬಂದೆ. ಅವ್ವ ಕುಂತು ಕೆಮ್ಮತಿದ್ಲು.” ಮುಸ್ತಾಕ್ ಭತ್ತದ ಕಡೆ ನೋಡಿದ. “ನಾಕು ವರ್ಷದಿಂದ ಹಂಗ ಕೆಮ್ಮತಾಳ್ರಿ. ಕೆಮ್ಮಿಕೋಂತನೇ ರೊಟ್ಟಿ ಬಡೀತಾಳ, ಕೆಮ್ಮಿಕೋಂತನೇ ಬೈತಾಳ. ಏನೂ ಆಗಿರಲಿಲ್ಲ. ಇದೇ ನೋಡು ಲಾರಿ ಕೆಮ್ಮು ಅಂತ ಬರಕೊಂಡೆ. ಅಂಥಾವೆಲ್ಲಾ ತಗದೆ.”

“ಜ್ವರನೂ ಇತ್ತಲ್ಲೋ.”

“ಒಮ್ಮೊಮ್ಮಿ ಮೈ ಬೆಚ್ಚಗಾಗತಿತ್ತು. ಕಷಾಯ ಕುಡುದು ಎದ್ದು ಅಡ್ಡಾಡತಿದ್ಲು. ಅದನ್ನೂ ಬರಕೊಂಡಿದ್ದೆ.”

ಒಳಗಿನಿಂದ ಪರ್ವೀನ್ ಬಂದು ಬಾಗಿಲಲ್ಲಿ ನಿಂತಳು. “ನಮ್ಮಪ್ಪಗ ಹೇಳೀರೇನ್ರಿ ಸಾಹೇಬ್ರ?”

ಚಿದಾನಂದಪ್ಪ ಗಡಿಯಾರ ನೋಡಿದ. 4.35ಕ್ಕೆ ದಸ್ತಗಿರಿ ಆಯಿತು. ಓಬಳೇಶ ಬೇಡಿ ತೆಗೆದ, ಮತ್ತೆ ಚೀಲದಲ್ಲೇ ಇಟ್ಟ.

ಸಂಜೆ 6.20, ಕುರುಗೋಡು ಠಾಣೆ. ಹೇಳಿ ಕಳಿಸಿದ್ದರಿಂದ ಗೌಸಸಾಬ್ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಜೀಪಿನಿಂದ ಮಗ ಇಳಿದದ್ದು ನೋಡಿ ಎದ್ದ.

“ಬಂದೇನಪ? ಛಲೋ ಆತು. ಸಾಕ್ಷಿಗೆ ಕರಸೀರೇನ್ರಿ ಇವನ್ನ?”

ಓಬಳೇಶ ದಸ್ತಗಿರಿ ಕಾಗದ ತೆಗೆದು ಎಂದಿನ ರೂಢಿಯಲ್ಲಿ ಗಟ್ಟಿಯಾಗಿ ಓದುತ್ತ ಬರೆಯತೊಡಗಿದ. “ಆರೋಪಿ ಹೆಸರು, ಮುಸ್ತಾಕ್. ತಂದೆ ಹೆಸರು...” ಅಲ್ಲಿಗೆ ಅವನ ದನಿ ನಿಂತಿತು. ಹೆಸರನ್ನು ಪೆನ್ನಿನಿಂದಷ್ಟೇ ಬರೆದ.

ಗೌಸಸಾಬ್ ಬಗ್ಗಿ ತನ್ನ ಹೆಸರು ಓದಿದ. ಆಮೇಲೆ ಬಹಳ ಹೊತ್ತು ಮಗನ ಮುಖ ನೋಡಿದ.

“ಕಂಪ್ಯೂಟರ್ ಅಂದಿದ್ದೆನಲ್ರಿ ನಾನು,” ಎಂದ. “ಹಿಂದಕ್ಕ ತಗೋತೀನ್ರಿ ಸಾಹೇಬ್ರ. ದೂರು ಹಿಂದಕ್ಕ ತಗೋತೀನಿ.”

“ಆಗಂಗಿಲ್ಲ ಗೌಸಸಾಬ್. ಕೋರ್ಟಿಗೆ ಹೋಗೇತಿ.”

“ನೀವು ದೊಡ್ಡವರು...”

“ನಾನು ಇನ್ಸ್‌ಪೆಕ್ಟರ್ ಅದೀನ್ರಿ, ಅಷ್ಟ.”

ಜಾಮೀನು ಸಿಗುವ ಕಲಂ. ಒಬ್ಬರು ಬಂದು ಇವನು ನಮ್ಮವನು ಎಂದು ಸಹಿ ಹಾಕಿದರೆ ಠಾಣೆಯಲ್ಲೇ ಬಿಡಬಹುದಿತ್ತು. ಬೇರೆ ಯಾರೂ ಇರಲಿಲ್ಲ. ಹೀಗಾಗಿ ಆ ಕೇಸಿನಲ್ಲಿ ದೂರುದಾರನೂ ಗೌಸಸಾಬ್, ಜಾಮೀನುದಾರನೂ ಗೌಸಸಾಬ್. ಅಪ್ಪ ಮುಂದೆ, ಮಗ ಹಿಂದೆ, ಇಬ್ಬರೂ ಬಳ್ಳಾರಿ ರಸ್ತೆ ಹಿಡಿದು ನಡೆದರು.

ಕೇಸ್ ಡೈರಿಯಲ್ಲಿ ಪ್ರೇರಣೆ ಎಂಬುದರ ಮುಂದೆ ಚಿದಾನಂದಪ್ಪ ‘ಮೇಲಿನವರ ಒತ್ತಡ’ ಎಂದು ಬರೆದ. ಪುರಾವೆ ಇಲ್ಲದ್ದರಿಂದ ಹೊಡೆದುಹಾಕಿದ. ‘ನೌಕರಿಯ ಭಯ’ ಎಂದು ಬರೆದ. ಹುಡುಗ ಹಾಗೆ ಹೇಳಿರಲಿಲ್ಲವಾದ್ದರಿಂದ ಅದನ್ನೂ ಹೊಡೆದ. ಕಡೆಗೆ ಬರೆದದ್ದು ಇಷ್ಟು: ‘ತಾಯಿ ನಾಲ್ಕು ವರ್ಷದಿಂದ ಕೆಮ್ಮುತ್ತಿದ್ದಳು. ಮಗನಿಗೆ ರೂಢಿಯಾಗಿತ್ತು.’

ಹೊರಗೆ ಅದಿರಿನ ಲಾರಿಗಳು ಸಾಲಾಗಿ ಹಾಯ್ದವು. ಠಾಣೆಯ ಕಿಟಕಿಗಳು ಗದಗುಟ್ಟಿದವು. ಮುಖ ಕಾಣದಷ್ಟು ಧೂಳು ಒಳಗೆ ತುಂಬಿತು, ಅದರೊಳಗೆ ಇಬ್ಬರಲ್ಲಿ ಒಬ್ಬರು ಕೆಮ್ಮಿದರು.

“ಸಾರ್,” ಎಂದ ಓಬಳೇಶ ಧೂಳು ಇಳಿದ ಮೇಲೆ, “ಈಗ ಕೆಮ್ಮಿದ್ದು ನಾನೇನ್ರಿ, ನೀವೇನ್ರಿ?”